ಕಡಲಾಚೆಯ ತಾವರೆಕೆರೆಗೆ ಬಂದ ಜ್ವರದ ಸುದ್ದಿ

ಬಸ್ಸು ಇಳಿದ ಕಡೆ

ಥಾಯ್ಲೆಂಡಿಗೆ ಹೋಗಿದ್ದೆ ಅಂದರೆ ಸಾಕು, ನಮ್ಮ ರಾಮನಗರದ ಕಡೆ ಗಂಡಸರು ಒಂದು ಥರಾ ನಗುತ್ತಾರೆ. ‘ಏನ್ಲಾ, ಚೆನ್ನಾಗ್ ಮಜಾ ಮಾಡ್ದಾ?’ ಅಂತ ಭುಜಕ್ಕೆ ಗುದ್ದುತ್ತಾರೆ. ಅವರಿಗೇನು ಹೇಳೋದು, ನನ್ನ ಕರ್ಮ! ನಾನು ಕಂಡ ಥಾಯ್ಲೆಂಡಿನಲ್ಲಿ ಕಡಲಿರಲಿಲ್ಲ, ಮರಳಿರಲಿಲ್ಲ, ಬಣ್ಣದ ದೀಪ ಇರಲಿಲ್ಲ. ಒಂದು ಸಕ್ಕರೆ ಕಾರ್ಖಾನೆ, ಒಂದು ಅಕ್ಕಿ ಗಿರಣಿ, ಬಿಸಿಲಿಗೆ ಬಾಯಿ ಬಿಟ್ಟ ಗದ್ದೆ ಬಯಲು, ಮತ್ತೆ ಎಲ್ಲಿ ನೋಡಿದರೂ ನಾಯಿ. ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಇಡೀ ಹಗಲು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋದರೆ ಸಿಗುವ ಊರು ಅದು. ಅಲ್ಲಿಯವರೇ ಅಲ್ಲಿ ಇರಲು ಇಷ್ಟಪಡುವುದಿಲ್ಲ.

ಊರಿನ ಹೆಸರು ನೊಂಗ್ ಬುವಾ. ಬಸ್ಸಲ್ಲಿ ಪಕ್ಕ ಕೂತಿದ್ದ ಮೇಷ್ಟ್ರೊಬ್ಬರು ಅರೆಬರೆ ಇಂಗ್ಲಿಷಿನಲ್ಲಿ ಅರ್ಥ ಬಿಡಿಸಿದರು: ನೊಂಗ್ ಅಂದರೆ ಕೆರೆ, ಬುವಾ ಅಂದರೆ ತಾವರೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾಗಡಿ ರಸ್ತೆಯ ತಾವರೆಕೆರೆ ನಮ್ಮೂರಿಂದ ಬಸ್ಸಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಅದನ್ನು ಬಿಟ್ಟು, ಪಾಸ್‌ಪೋರ್ಟು ಮಾಡಿಸಿ, ವಿಮಾನ ಹತ್ತಿ, ಕಡಲು ದಾಟಿ ಬಂದು ಇಳಿದದ್ದು ಇನ್ನೊಂದು ತಾವರೆಕೆರೆಗೆ! ತಾವರೆ ಇರಲಿಲ್ಲ. ಕೆರೆ ಇತ್ತು, ಅದರ ಅರ್ಧ ಮುಚ್ಚಿ ಬಸ್ ನಿಲ್ದಾಣ ಕಟ್ಟಿದ್ದರು.

ಹೋಗಿದ್ದು ಓದಲು. ಅಲ್ಲಿನ ಒಂದು ಚಿಕ್ಕ ಟೆಕ್ನಿಕಲ್ ಕಾಲೇಜಿನಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಮೇಲೆ ನಾಲ್ಕು ತಿಂಗಳ ಕೋರ್ಸು, ರೇಷ್ಮೆ ಸೀಮೆಯ ಹುಡುಗರಿಗೆ ಫೀಸಿಲ್ಲ ಅಂತಿತ್ತು. ಫೀಸಿಲ್ಲ ಅಂದರೆ ಹೊಟ್ಟೆ ಸುಮ್ಮನಿರುತ್ತದೆಯೆ? ನಾನಾಗ ಬಿಡದಿಯಲ್ಲಿ ಕಾರ್ಖಾನೆ ಶೆಡ್ಡುಗಳ ನಕ್ಷೆ ಬಿಡಿಸುವ ಒಂದು ಸಣ್ಣ ಆಫೀಸಿನಲ್ಲಿದ್ದೆ. ಸುತ್ತ ಹಳ್ಳಿ ಹಳ್ಳಿಗೂ ಕಾಂಪೌಂಡ್ ಏಳುತ್ತಿದ್ದ ಕಾಲ, ಕೆಲಸಕ್ಕೇನೂ ಬರವಿರಲಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಒಳ್ಳೆಯವರು. ‘ಎಲ್ಲಿ ಕೂತು ಗೆರೆ ಎಳೆದ್ರೇನಯ್ಯ, ಕಂಪ್ಯೂಟರ್ ಇದ್ದರೆ ಸಾಕು, ನೆಟ್‌ನಲ್ಲಿ ಕಳಿಸು’ ಅಂದರು. ಹೀಗೆ ಬೆಳಗ್ಗೆ ಕಾಲೇಜಿನ ಯಂತ್ರ, ಮಧ್ಯಾಹ್ನದ ಮೇಲೆ ಬಿಡದಿಯ ಗೋಡೆ ಅಂತ ನನ್ನ ದಿನ ಹಂಚಿಹೋಯಿತು.

ಹಿಂದೆ ಬಿಟ್ಟು ಬಂದದ್ದು ಒಬ್ಬಳನ್ನೇ, ನಾಗಕ್ಕನನ್ನು. ಅಪ್ಪ ಅವ್ವ ಇಲ್ಲದ ನನ್ನನ್ನು ಸಾಕಿದವಳು ಅವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹಿಪ್ಪುನೇರಳೆ ತೋಟ ಇಟ್ಟುಕೊಂಡು, ಒಬ್ಬಳೇ ಹುಳ ಸಾಕುತ್ತಿದ್ದಳು. ತನ್ನ ಮೈ ಮಾತ್ರ ನೋಡಿಕೊಳ್ಳುವವಳಲ್ಲ. ಹುಳದ ಮನೆ ಬಿಟ್ಟು ಆಸ್ಪತ್ರೆಗೆ ಹೋಗು ಅಂದರೆ ಜಗಳಕ್ಕೆ ಬರುತ್ತಿದ್ದಳು, ನಾನು ಗದರಿದರೆ ಮಾತ್ರ ಗೊಣಗಿಕೊಂಡು ಹೊರಡುವಳು. ಹೊರಡುವ ದಿನ ಪಕ್ಕದ ಮನೆ ಭಾಗ್ಯಮ್ಮ, ‘ಹೋಯ್ತಾ ಇದ್ದೀಯ ಮಗ, ಇವಳು ನಿನ್ ಮಾತ್ ಬುಟ್ರೆ ಇನ್ಯಾರ್ ಮಾತೂ ಕೇಳಾಕಿಲ್ಲ, ಗ್ಯಪ್ತಿಲಿರ್ಲಿ’ ಅಂದಿದ್ದಳು. ನಾನು ಹೋಗುವಾಗ ಅಕ್ಕ ಇದ್ದಳು, ಬಂದಾಗ ಇರಲಿಲ್ಲ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಕೈಲಿ ಹೇಳಲಾಗುತ್ತದೋ ಇಲ್ಲವೋ.

ಪಾ ನೊಯ್ ಮನೆ

ನನಗೆ ಸಿಕ್ಕಿದ ಕೋಣೆ ಪಾ ನೊಯ್ ಎಂಬ ಹೆಂಗಸಿನ ಮನೆಯ ಹಿಂದಿನದು. ‘ಪಾ’ ಅಂದರೆ ದೊಡ್ಡಮ್ಮ, ನೊಯ್ ಅವಳ ಹೆಸರು. ದಪ್ಪ ಕಾಲು, ಗಟ್ಟಿ ಗಂಟಲು, ಸದಾ ಲುಂಗಿಯಂಥ ಸೀರೆ. ಮನೆ ಮುಂದೆಯೇ ಅವಳ ಹೋಟ್ಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಕಂಡಾಗಲೆಲ್ಲ ಒಂದೇ ಪ್ರಶ್ನೆ: ‘ಗಿನ್ ಖಾವ್ ರೂ ಯಂಗ್?’ ಅಂದರೆ ಊಟ ಆಯ್ತಾ ಅಂತ. ಈ ಒಂದು ವಿಷಯದಲ್ಲಿ ಅವರೂ ನಾವೂ ಒಂದೇ ಜಾತಿ.

ಅವರ ಊಟ ಅಂಟಕ್ಕಿ ಅನ್ನ. ಬಿದಿರು ಬುಟ್ಟಿಯಲ್ಲಿಟ್ಟು, ಕೈಯಲ್ಲೇ ಮುರಿದು, ಉಂಡೆ ಮಾಡಿ, ಖಾರದಲ್ಲಿ ಅದ್ದಿ ಬಾಯಿಗೆ ಹಾಕುತ್ತಾರೆ. ಉಂಡೆ ಕಂಡ ಕೂಡಲೇ ನನ್ನ ಕೈ ಹಳೇ ಚಾಳಿಗೆ ಹೋಯಿತು. ಮುದ್ದೆ ನುಂಗಿದ ಹಾಗೆ ನುಂಗಿದೆ. ಅದು ಗಂಟಲಲ್ಲಿ ಗೂಟ ಹೊಡೆದ ಹಾಗೆ ನಿಂತುಬಿಟ್ಟಿತು! ಪಾ ನೊಯ್ ಬೆನ್ನಿಗೆ ಗುದ್ದಿ ಗುದ್ದಿ ಇಳಿಸಿದಳು. ಅಗಿಯದೆ ನುಂಗುವ ಜನ ಭೂಮಿ ಮೇಲೆ ಎಲ್ಲೋ ಇದ್ದಾರೆ ಅಂತ ಅವಳು ಬೀದಿಗೆಲ್ಲ ಸಾರಿದಳು. ಆಮೇಲೆ ನಾನು ಊಟಕ್ಕೆ ಕೂತರೆ ಪಕ್ಕದ ಮನೆಯವರು ನೋಡಲು ಬರುತ್ತಿದ್ದರು.

ಭಾಷೆಯಂತೂ ದೇವರಿಗೇ ಪ್ರೀತಿ. ಒಂದೇ ಪದವನ್ನು ಮೇಲೆತ್ತಿ ಅಂದರೆ ಒಂದು, ಕೆಳಗಿಳಿಸಿ ಅಂದರೆ ಇನ್ನೊಂದು. ಒಂದು ದಿನ ಹೋಟ್ಲಲ್ಲಿ ಮೊಟ್ಟೆ ಬೇಕು ಅಂತ ‘ಖಾಯ್, ಖಾಯ್’ ಅಂದೆ. ಪಾ ನೊಯ್ ಸೌಟು ಕೆಳಗಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಮಾತ್ರೆ ಕೊಟ್ಟಳು. ಅವರಲ್ಲಿ ಮೊಟ್ಟೆಯೂ ಖಾಯ್, ಜ್ವರವೂ ಖಾಯ್, ಎಳೆಯುವ ರಾಗ ಮಾತ್ರ ಬೇರೆ. ಅಕ್ಕನಿಗೆ ಅವರು ‘ಫೀ ಸಾವ್’ ಅನ್ನುತ್ತಾರೆ. ಆ ಪದ ಮಾತ್ರ ನನ್ನ ನಾಲಿಗೆಗೆ ಬರಲೇ ಇಲ್ಲ. ಇದ್ದೊಬ್ಬ ಅಕ್ಕನ ಹಿಂದೆ ಸಾವು ಅಂತ ಯಾವನು ಸೇರಿಸಿಯಾನು? ನಾನು ‘ಅಕ್ಕ’ ಅಂತಲೇ ಹೇಳುತ್ತಿದ್ದೆ, ಪಾ ನೊಯ್ಗೂ ಅದೇ ರೂಢಿಯಾಯಿತು. ‘ಅಕ್ಕ ಗಿನ್ ಖಾವ್ ರೂ ಯಂಗ್?’ ಅಂತ ಕೇಳಿ ನಗುತ್ತಿದ್ದಳು.

ವಾರದ ಸಂತೆ

ಅಲ್ಲಿಯೂ ರೇಷ್ಮೆ ಉಂಟು. ಆದರೆ ನಮ್ಮ ರಾಮನಗರದ ಮಾರ್ಕೆಟ್ಟಿನ ಗಲಾಟೆ, ಹರಾಜಿನ ಕೂಗು, ಗೂಡಿನ ರಾಶಿಗೆ ಕೈ ಹಾಕಿ ಕುಲುಕಿ ನೋಡುವ ವ್ಯಾಪಾರಿಗಳು, ಅದೊಂದೂ ಇಲ್ಲ. ಸಂತೆಯ ಮೂಲೆಯಲ್ಲಿ ಹೆಂಗಸರು ಒಲೆ ಮೇಲೆ ಮಡಕೆ ಇಟ್ಟು ನೂಲು ತೆಗೆಯುತ್ತಾರೆ. ನೂಲು ಮುಗಿದ ಮೇಲೆ ಉಳಿಯುವ ಬೆಂದ ಹುಳವನ್ನು ಬೆರಳಲ್ಲಿ ಎತ್ತಿ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ, ನಾವು ಕಡಲೆಕಾಯಿ ತಿಂದ ಹಾಗೆ. ರಾಮನಗರದಲ್ಲಿ ಆ ಹುಳದ ನಾತಕ್ಕೆ ಮೂಗು ಮುಚ್ಚಿಕೊಂಡು ಬೀದಿ ದಾಟಿದವನು ನಾನು. ಒಬ್ಬ ಮುದುಕಿ ಒಂದು ಹಿಡಿ ಎಲೆಯಲ್ಲಿ ಹಾಕಿ ಮುಂದೆ ಹಿಡಿದಳು. ಸಾಕಿದ್ದನ್ನು ತಿನ್ನೋದೆ ಅನ್ನಿಸಿತು. ಕೈ ಮುಗಿದು ಬೇಡ ಅಂದೆ. ಮುದುಕಿಗೆ ಬೇಜಾರಾಯಿತು. ಆಮೇಲೆ ಯೋಚಿಸಿದೆ, ಬೇಯಿಸಿ ಬಿಸಾಡುವುದಕ್ಕಿಂತ ಬೇಯಿಸಿ ತಿನ್ನೋದು ಹೇಗೆ ಕೆಟ್ಟದ್ದು? ಆದರೂ ತಿನ್ನಲಿಲ್ಲ.

ಮಡಕೆ ಮುಂದೆ ಕೂತವರೆಲ್ಲ ನಡುವಯಸ್ಸು ದಾಟಿದವರು. ಹರೆಯದವರೆಲ್ಲ ಎಲ್ಲಿ ಅಂದರೆ ಬ್ಯಾಂಕಾಕು, ಇಲ್ಲವೇ ತೈವಾನು. ಮನೆಮನೆಯ ಗೋಡೆ ಮೇಲೂ ಕಾರ್ಖಾನೆ ಅಂಗಿ ತೊಟ್ಟ ಫೋಟೋ. ನಮ್ಮಲ್ಲಿ ಕಾರ್ಖಾನೆಯೇ ಊರಿಗೆ ಬಂತು, ಅಲ್ಲಿ ಊರೇ ಕಾರ್ಖಾನೆಗೆ ಹೋಗಿತ್ತು.

ಗೇಮಿನ ಅಂಗಡಿ

ನನ್ನ ಆಫೀಸು ಅಂದರೆ ಬಸ್ ನಿಲ್ದಾಣದ ಹಿಂದಿನ ಗೇಮಿನ ಅಂಗಡಿ. ಊರಿಗೆಲ್ಲ ಇಂಟರ್ನೆಟ್ ಇದ್ದದ್ದು ಅಲ್ಲೊಂದೇ. ತಗಡಿನ ಚಾವಣಿ, ಕಾದ ಗಾಳಿ ಬೀಸುವ ಫ್ಯಾನು, ಸಾಲಾಗಿ ಕೂತು ಪರದೆ ಮೇಲೆ ಒಬ್ಬರನ್ನೊಬ್ಬರು ಗುಂಡು ಹೊಡೆದು ಕೆಡವುವ ಸ್ಕೂಲು ಮಕ್ಕಳು. ನಾನು ಬಿಡದಿಯ ಯಾವುದೋ ಸರ್ವೆ ನಂಬರಿಗೆ ಗೋಡೆ ಎಳೆಯೋದು, ಪಕ್ಕದವನು ‘ಢಂ’ ಅನ್ನಿಸೋದು. ನನಗೆ ಗೊತ್ತಿದ್ದ ಹುಣಸೆ ತೋಪು ನಕ್ಷೆಯಲ್ಲಿ ಪಾರ್ಕಿಂಗ್ ಆಯಿತು, ಹಳ್ಳ ಚರಂಡಿಯಾಯಿತು. ಗೆರೆ ಎಳೆದೇ ಎಳೆದೆ, ಸುಳ್ಳು ಯಾಕೆ ಹೇಳಲಿ, ಅದೇ ಕೆಲಸ. ಫೈಲು ಇನ್ನೇನು ಹೋಯಿತು ಅನ್ನುವಾಗ ಕರೆಂಟು ಹೋಗುತ್ತಿತ್ತು. ಅಂಗಡಿಯ ಏಕ್ ಎಂಬ ಧಡಿಯ ಚಾಪೆಯಿಂದ ತಲೆ ಎತ್ತದೆ, ‘ಮೈ ಪೆನ್ ರೈ’ ಅನ್ನುತ್ತಿದ್ದ. ನಮ್ಮ ‘ಓಗ್ಲಿ ಬುಡು’ ಅನ್ನೋದಕ್ಕೆ ಅವರದ್ದು ಅದು. ಅವನಪ್ಪನ ಮನೆ ಗಂಟೇನು ಹೋಗಬೇಕು?

ಊರಿನ ಸುದ್ದಿಯೂ ಅಲ್ಲಿಗೇ ಬರಬೇಕು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಭಾಗ್ಯಮ್ಮನ ಗಂಡ ಸಿದ್ದಣ್ಣ ಬಿಡದಿಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವವನು. ಶಿಫ್ಟಿನ ವ್ಯಾನು ನಮ್ಮ ಆಫೀಸಿನ ಮುಂದೆಯೇ ಹೋಗುತ್ತಿತ್ತು. ಅಕ್ಕ ಅವನಿಗೆ ಹೇಳೋದು, ಅವನು ಇಳಿದು ಆಫೀಸಿನ ಶೈಲಾಗೆ ಹೇಳೋದು, ಶೈಲಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಚಾಟ್‌ನಲ್ಲಿ ನನಗೆ ಕಳಿಸೋದು. ಶೈಲಾ ಬೆಂಗಳೂರಿನ ಹುಡುಗಿ, ಮೂರು ತಲೆಮಾರಿಂದ ಹೊಲದ ಮುಖ ಕಾಣದವಳು.

ಮೊದಲ ತಿಂಗಳಲ್ಲಿ ಒಂದು ದಿನ ಅವಳ ಸಂದೇಶ: ‘ಲಿಂಗರಾಜು, ಗಾಬರಿ ಆಗ್ಬೇಡಿ. ನಿಮ್ಮನೇಲಿ ಎರಡನೇ ಜ್ವರ ಅಂತೆ. ಮೊದಲನೇದು ಹೋದ್ವಾರ ಬಂದಿತ್ತಂತೆ. ಡಾಕ್ಟರಿಗೆ ತೋರಿಸಿದ್ರಾ ಅಂದ್ರೆ ಸಿದ್ದಣ್ಣ ನಗ್ತಾರೆ. ಏನ್ ಜನಾನೋ!’

ನಾನು ಆ ಗುಂಡಿನ ಸದ್ದಿನ ನಡುವೆ ಬಿದ್ದು ಬಿದ್ದು ನಕ್ಕೆ. ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೇ ನಮ್ಮ ಕಡೆ ಜ್ವರ ಅನ್ನೋದು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಪೊರೆ ಕಳಚಿದರೆ ‘ಜ್ವರ ಎದ್ದವೆ’ ಅಂತೀವಿ. ಇದನ್ನೆಲ್ಲ ಶೈಲಾಗೆ ಬಿಡಿಸಿ ಬರೆದೆ. ಜ್ವರಕ್ಕೆ ಕೂತಾಗ ಯಾರೂ ಏನೂ ಮಾಡಬಾರದು, ಮೇವು ಹಾಕಬಾರದು, ಮುಟ್ಟಬಾರದು, ಸುಮ್ಮನೆ ಬಿಟ್ಟರೆ ತಾನೇ ಏಳುತ್ತದೆ ಅಂತಲೂ ಬರೆದೆ. ಆಫೀಸಿಗೆಲ್ಲ ಅದೊಂದು ತಮಾಷೆಯಾಯಿತು. ಶೈಲಾ ರೈತಗಿತ್ತಿಯೇ ಆಗಿಬಿಟ್ಟಳು. ‘ಮೂರನೇ ಜ್ವರ ಎದ್ದವಂತೆ ಕಣ್ರೀ, ಮೇವು ಹಾಕಿದಾರಂತೆ’ ಅಂತ ಬರೆಯೋದು, ನಗೋದು. ಸಾಹೇಬರು ಬೆಳಗ್ಗೆ ಬಂದ ಕೂಡಲೇ ‘ಎಷ್ಟನೇ ಜ್ವರನಮ್ಮ ಇವತ್ತು?’ ಅಂತಿದ್ದರಂತೆ.

ಸೆಕೆಯ ದಿನಗಳು

ಮೂರನೇ ತಿಂಗಳಿಗೆ ಸೆಕೆ ಏರಿತು. ಸಕ್ಕರೆ ಕಾರ್ಖಾನೆಯ ಮಸಿ ಒಣಗಹಾಕಿದ ಬಟ್ಟೆ ಮೇಲೆ ಕೂರುತ್ತಿತ್ತು. ಕೋರ್ಸಿನ ಪರೀಕ್ಷೆಗೆ ನಾನೇ ಒಂದು ಬಿಚ್ಚುವ ಯಂತ್ರದ ನಕ್ಷೆ ಬಿಡಿಸಿ ಕೊಡಬೇಕಿತ್ತು. ಒಬ್ಬಳೇ ಹೆಂಗಸು ಮನೆಯಲ್ಲೇ ಕೂತು ನಡೆಸುವಂಥದ್ದು, ಅಕ್ಕನ ಕೈ ಅಳತೆಗೆ. ಅಷ್ಟು ಆಸೆಯಿಂದ ಜನ್ಮದಲ್ಲಿ ಯಾವ ಗೆರೆಯನ್ನೂ ಎಳೆದಿರಲಿಲ್ಲ.

ಅವತ್ತು ಅಂಗಡಿಗೆ ಹೋದಾಗ ಶೈಲಾಳ ಸಂದೇಶ ಕಾದಿತ್ತು. ‘ಸಿದ್ದಣ್ಣ ಬಂದಿದ್ರು. ವ್ಯಾನು ಹಾರನ್ ಹೊಡೀತಾ ಇತ್ತು, ಓಡ್ತಾ ಓಡ್ತಾ ಹೇಳಿ ಹೋದ್ರು. ಮನೇಲಿ ಜ್ವರ, ಇನ್ನೂ ಎದ್ದಿಲ್ಲ, ಏನೂ ಮುಟ್ತಿಲ್ಲ, ಏನ್ ಮಾಡಾಣ ಕೇಳವ್ವ ಅಂದ್ರು. ನೋಡಿ, ನಿಮ್ಮ ಹುಳಗಳು ಸೋಮಾರಿ ಆಗಿವೆ.’

ಲೆಕ್ಕ ಹಾಕಿದೆ. ಅಕ್ಕ ಆಗ ಸಾಕುತ್ತಿದ್ದ ಹೊಸ ಬೆಳೆ ನಾಲ್ಕನೇ ಜ್ವರಕ್ಕೆ ಕೂರುವ ಹೊತ್ತೇ ಸರಿ. ಮೋಡ ಕವಿದರೆ, ಥಂಡಿ ಬಿದ್ದರೆ ಹುಳ ಏಳುವುದು ಒಂದೊಪ್ಪೊತ್ತು ತಡವಾಗುವುದೂ ಉಂಟು. ಇಷ್ಟಕ್ಕೆ ಅಕ್ಕ ಯಾಕೆ ಕೇಳಿ ಕಳಿಸಿದಳು, ಅವಳಿಗೆ ಗೊತ್ತಿಲ್ಲದ್ದೇ ಅಂತ ಒಂದು ಗಳಿಗೆ ಅನ್ನಿಸಿತು. ಪಕ್ಕದವನು ‘ಢಂ’ ಅನ್ನಿಸಿದ, ಆ ಅನುಮಾನ ಅಲ್ಲಿಗೇ ಹೋಯಿತು. ಬರೆದೆ: ‘ಯೋಚನೆ ಬೇಡ ಅಂತ ಹೇಳಿ. ಮುಟ್ಟಬೇಡಿ, ಮೇವು ಹಾಕಬೇಡಿ. ಒಸಿ ಗಾಳಿ ಆಡಲಿ. ಸುಮ್ಮನೆ ಬಿಟ್ಟರೆ ತಾನೇ ಏಳ್ತವೆ.’ ಶೈಲಾ ‘ಆಯ್ತು ಡಾಕ್ಟ್ರೇ’ ಅಂದಳು.

ನಮ್ಮ ಕನ್ನಡದಲ್ಲಿ ಯಾರು ಅಂತ ಹೇಳದೆಯೇ ಇಡೀ ಸುದ್ದಿ ಹೇಳಿ ಮುಗಿಸಬಹುದು. ‘ಎದ್ದಿಲ್ಲ’ ಅಂದರೆ ಹುಳವೂ ಎದ್ದಿಲ್ಲ, ದನವೂ ಎದ್ದಿಲ್ಲ, ಮನುಷ್ಯರೂ ಎದ್ದಿಲ್ಲ. ಅದರ ಮೇಲೆ ಹಳ್ಳಿ ಗಂಡಸು, ಪರರ ಮನೆ ಹೆಂಗಸಿನ ಹೆಸರೆತ್ತದೆ ಮರ್ಯಾದೆಗೆ ‘ಮನೇಲಿ’ ಅಂದುಬಿಟ್ಟ. ಸಿದ್ದಣ್ಣ ಅವತ್ತು ಹೇಳಿದ್ದು ಹುಳದ ಮಾತಲ್ಲ.

ಹೊರಟ ದಿನ

ಎಂದೂ ಚಾಟ್‌ಗೆ ಬಾರದ ಸಾಹೇಬರೇ ಅದಾಗಿ ಮೂರನೇ ದಿನ ಬಂದರು. ‘ಲಿಂಗರಾಜು, ಡ್ರಾಯಿಂಗ್ ಬಿಡು. ಅಕ್ಕ ಹೋದರಂತೆ.’

ನಾನು ಕುಟ್ಟಿದೆ: ‘ಎಲ್ಲಿಗೆ ಸಾರ್?’

ಆಮೇಲೆ, ‘ಜ್ವರ ಬಿಡಲಿಲ್ಲವಂತೆ. ಹೊರಟು ಬಾರಪ್ಪ, ಟಿಕೆಟಿನ ವ್ಯವಸ್ಥೆ ನಾನು ಮಾಡ್ತೀನಿ’ ಅಂತ ಬಂತು. ಆಗಲೂ ನನ್ನ ಹಾಳು ತಲೆ ಹುಳದ್ದೇ ಲೆಕ್ಕ ಹಾಕುತ್ತಿತ್ತು. ಮೇಲಿನ ಹಳೇ ಸಂದೇಶ ಕಣ್ಣಿಗೆ ಬಿತ್ತು. ‘ಏನೂ ಮುಟ್ತಿಲ್ಲ.’ ಅದರ ಕೆಳಗೆ ನನ್ನ ಉತ್ತರ. ಓದಿದೆ. ಮತ್ತೆ ಓದಿದೆ. ಅಯ್ಯೋ, ಅಯ್ಯೋ ಅಂತ ಕೂಗಿದೆನಂತೆ. ಮಕ್ಕಳೆಲ್ಲ ಆಟ ನಿಲ್ಲಿಸಿ ತಿರುಗಿ ನೋಡಿದರು, ಏಕ್ ಚಾಪೆಯಿಂದ ಎದ್ದು ಬಂದ. ಏನಾಯಿತು ಅಂತ ಯಾವ ಭಾಷೆಯಲ್ಲಿ ಹೇಳಲಿ?

ಮನೆಗೆ ಬಂದು ಪಾ ನೊಯ್ ಮುಂದೆ ನಿಂತೆ. ಅವಳು ಎಂದಿನ ಹಾಗೆ ಊಟ ಆಯ್ತಾ ಅಂತ ಕೇಳಿದಳು. ‘ಅಕ್ಕ’ ಅಂದೆ. ಅಷ್ಟೇ ಆಗಿದ್ದು. ಅವಳು ಒಲೆ ಆರಿಸಿದಳು, ಕುರ್ಚಿಯಲ್ಲಿದ್ದ ಗಿರಾಕಿಯನ್ನು ಎಬ್ಬಿಸಿ ಕಳಿಸಿದಳು, ನನ್ನ ಪಕ್ಕ ನೆಲದ ಮೇಲೆ ಕೂತಳು. ಅಲ್ಲಿಯ ಜನ ಜೋರಾಗಿ ಅಳುವುದಿಲ್ಲ, ಅತ್ತರೆ ಸತ್ತವರಿಗೆ ದಾರಿ ಕಾಣುವುದಿಲ್ಲ ಅಂತ ನಂಬುತ್ತಾರಂತ ಕೇಳಿದ್ದೆ. ನಾನು ನಮ್ಮೂರಿನ ಹಾಗೇ ಅತ್ತೆ. ಅವಳು ತಡೆಯಲಿಲ್ಲ.

ಹೊರಡುವಾಗ ಬಿಳಿ ಹತ್ತಿ ದಾರ ತಂದು, ಏನೋ ಗೊಣಗುತ್ತಾ ನನ್ನ ಮಣಿಕಟ್ಟಿಗೆ ಸುತ್ತಿದಳು. ದೂರ ಹೋಗುವವರ ಜೀವ ಮೈ ಬಿಟ್ಟು ಅಲೆಯದಿರಲಿ ಅಂತ ಅವರು ಹಾಗೆ ಕಟ್ಟುತ್ತಾರೆ. ಬಸ್ಸಿನ ತನಕ ಬಂದು ಅಂಟಕ್ಕಿಯ ಬುಟ್ಟಿ ಕೈಗಿಟ್ಟಳು, ಅಗಿದು ತಿನ್ನು ಅಂತ ಬಾಯಾಡಿಸಿ ತೋರಿಸಿದಳು. ಪರೀಕ್ಷೆಯ ನಕ್ಷೆ ಅವಳ ಮನೆಯಲ್ಲೇ ಉಳಿಯಿತು. ತರಿಸಿಕೊಳ್ಳಲಿಲ್ಲ.

ಬಿಡದಿ ದಾಟಿ

ದಾರಿಯ ವಿಷಯ ನನಗೆ ನೆನಪಿಲ್ಲ. ಬಿಡದಿಯಲ್ಲಿ ಬಸ್ಸು ನಿಂತಾಗ ಶೈಲಾ ಕಾದಿದ್ದಳು, ಯಾರು ಹೇಳಿದ್ದರೋ. ಅವಳ ಮುಖ ಊದಿಹೋಗಿತ್ತು. ‘ನಾನೇ ಯಾರಿಗೆ ಜ್ವರ ಅಂತ ಕೇಳ್ಬೇಕಿತ್ತು’ ಅಂದಳು. ಮೊದಲ ಸಲ ಅವಳು ಕೇಳಿಯೇ ಇದ್ದಳು, ಡಾಕ್ಟರಿಗೆ ತೋರಿಸಿದ್ರಾ ಅಂತ. ಕೇಳೋದನ್ನು ಬಿಡಿಸಿದವನು ನಾನು. ‘ನಿಂದೇನೂ ತಪ್ಪಿಲ್ಲ ಕಣಮ್ಮ’ ಅಂದೆ. ಇಬ್ಬರಿಗೂ ಅದರಿಂದ ಸಮಾಧಾನವಾಗಲಿಲ್ಲ.

ಮನೆ ತಲುಪುವ ಹೊತ್ತಿಗೆ ಅಕ್ಕನನ್ನು ತೋಟದ ಬದುವಿನಲ್ಲಿ ಮಣ್ಣು ಮಾಡಿ ಆಗಿತ್ತು. ಸಿದ್ದಣ್ಣ ನನ್ನನ್ನು ಕಂಡು ಹಿತ್ತಿಲ ಕಡೆ ಹೋದ. ಹುಳದ ಮನೆಯೊಳಗೆ ಭಾಗ್ಯಮ್ಮ ಸೊಪ್ಪು ಹರವುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚದಿದ್ದರೂ ಹುಳಕ್ಕೆ ಮೇವು ತಪ್ಪಿಸುವಂತಿಲ್ಲ. ಬೆಳೆ ಚೆನ್ನಾಗಿ ಎದ್ದಿತ್ತು, ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗೆ ಕೇಳುತ್ತಿತ್ತು. ನನಗೆ ಅದನ್ನೆಲ್ಲ ಕಾಲಲ್ಲಿ ತುಳಿದುಹಾಕುವಷ್ಟು ಸಿಟ್ಟು ಬಂತು.

‘ಅತ್ತೆ, ನಾನ್ ಹೇಳಿ ಕಳಿಸಿದ್ದನ್ನ ಅವ್ಳಿಗೆ ಹೇಳಿದ್ರಾ?’ ಅಂದೆ. ಬಸ್ಸಿನಲ್ಲಿ, ವಿಮಾನದಲ್ಲಿ, ಎಲ್ಲ ಕಡೆ ನನ್ನೊಳಗೆ ಕೂತಿದ್ದದ್ದು ಇದೊಂದೇ ಪ್ರಶ್ನೆ. ಹೇಳಿಲ್ಲ ಅನ್ನಲಿ ದೇವರೇ ಅಂತ ಬೇಡಿಕೊಂಡಿದ್ದೆ.

ಭಾಗ್ಯಮ್ಮ ಕೈ ಒರೆಸಿಕೊಂಡಳು. ‘ನಮ್ಮೋರು ಬಂದು ಅವ್ಳ ಮುಂದೇನೇ ಯೋಳುದ್ರು ಕಣ್ಮಗ. ಮುಟ್ಬೇಡಿ, ಮೇವು ಹಾಕ್ಬೇಡಿ, ತಾನೇ ಏಳ್ತವೆ ಅಂದವ್ನೆ ಅಂತ. ಇದೇನ್ ಇಂಗಂದವ್ನೆ ಅಂತ ನಾವ್ ಬಾಯ್ ಬುಟ್ಕೊಂಡ್ ನಿಂತ್ಕಂಡ್ವಿ. ಅವ್ಳಿಗೆ ತಟ್ಟಂತ ಗೊತ್ತಾಗ್ಬುಡ್ತು. ಅಯ್ಯೋ ಮುಂಡೇದೆ, ಹುಳ ಅನ್ಕೊಂಡವ್ನೆ ಅಂತ ನಕ್ಬುಟ್ಲು. ಅಷ್ಟ್ ಜ್ವರದಾಗೂವೆ ಹೊಟ್ಟೆ ಹಿಡ್ಕೊಂಡ್ ನಕ್ಲು.’

ನಾನು ಸೊಪ್ಪಿನ ಬುಟ್ಟಿಯ ಪಕ್ಕ ನೆಲಕ್ಕೆ ಕೂತೆ.

‘ಇನ್ನೊಂದ್ ಕಿತ ಹೇಳಿ ಕಳ್ಸಾಣ ಕಣಕ್ಕ, ಅವ್ನು ಗದರಿದ್ರೆ ಆಸ್ಪತ್ರೆಗಾದ್ರೂ ಹೋಯ್ತೀಯ ಅಂದೆ. ಬ್ಯಾಡ ಬ್ಯಾಡ, ಪರೀಕ್ಷೆ ಐತೆ ಅವಂಗೆ, ಅಂಗೇ ಅನ್ಕೊಂಡಿರ್ಲಿ ಬುಡು ಅಂದ್ಲು. ಬರ್ಲಿ ತಡಿ, ಎದ್ರುಗ್ ಕೂರಿಸ್ಕೊಂಡು ಒಂದ್ ಮಾತ್ ಆಡ್ಕತೀನಿ ಅವ್ನ, ಜನ್ಮದಾಗೆ ಮರೀಬಾರ್ದು ಅಂಗೆ ಆಡ್ಕತೀನಿ ಅಂದ್ಲು. ಅದ್ನೇ ನೆನಸ್ಕೊಂಡು ಮದ್ಯೆ ಮದ್ಯೆ ನಗೋಳು.’

‘ಏನಂತ ಆಡ್ಕೋತಿದ್ಲು ಅತ್ತೆ?’

ಭಾಗ್ಯಮ್ಮ ತಲೆ ಅಲ್ಲಾಡಿಸಿದಳು. ‘ನಾನೂ ಕೇಳ್ದೆ ಕಣ್ಮಗ. ನಂಗ್ ಹೇಳ್ಲಿಲ್ಲ. ನಿಂಗೇ ಅಂತ ಇಟ್ಕೊಂಡಿದ್ಲು.’